ದತ್ತು ಕಾಕಾ ತಿಕ್ಕಿದ ತಗಡು

ಅಪ್ಪಾ,

ನೀನಿಲ್ಲದೆ ನಾಲ್ಕು ವರ್ಷವಾಯಿತು. ಇವತ್ತು ಭೋಸರಿಯಲ್ಲಿ, ನೀನು ನೀರಿನ ಪೈಪುಗಳ ಲೋಳೆ ತಿಕ್ಕುತ್ತಿದ್ದ ಕಾರ್ಖಾನೆಗೇ ಹೋಗಿದ್ದೆ. ಆ ಲೋಳೆಯನ್ನು ತಡೆಯುವ ಬ್ಯಾಕ್ಟೀರಿಯಾ ಒಂದನ್ನು ನಮ್ಮ ಲ್ಯಾಬಿನಲ್ಲಿ ಬೆಳೆಸಿದ್ದೇವೆ. ಅದು ತಾನೇ ತೆಳ್ಳಗೆ ಪೊರೆ ಕಟ್ಟಿಕೊಂಡು ಕೂರುತ್ತದೆ, ಬೇರೆ ಲೋಳೆಗೆ ಜಾಗ ಕೊಡುವುದಿಲ್ಲ. ಅದನ್ನು ಹಚ್ಚಿದ ತಗಡೊಂದನ್ನು ಪರೀಕ್ಷೆಗೆಂದು ಮೂರು ತಿಂಗಳ ಹಿಂದೆ ಅಲ್ಲಿನ ತೊಟ್ಟಿಯಲ್ಲಿ ಇಳಿಬಿಟ್ಟಿದ್ದೆ.

ಇವತ್ತು ನೋಡಿದರೆ ತಗಡು ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ನಿನ್ನ ಜೊತೆಗಾರ ದತ್ತು ಕಾಕಾ ಬ್ರಶ್ ಹಿಡಿದು ನಿಂತಿದ್ದರು.

"ನೀ ಬರ್ತಿ ಅಂತ ತಿಕ್ಕಿ ಇಟ್ಟೀನವ್ವಾ. ಲೋಳಿ ಕುಂತಿತ್ತು. ಗುರಣ್ಣನ ಮಗಳ ತಗಡು ಹೊಲಸ ಇರಬಾರದು."

ಕಾಕಾ ತಿಕ್ಕಿ ತೆಗೆದದ್ದು ನಮ್ಮ ಪೊರೆಯನ್ನೇ; ಮೂರು ತಿಂಗಳ ಕೆಲಸ ಹೋಯಿತು. ತಗಡು ತೆಗೆದುಕೊಳ್ಳಲು ಹತ್ತಿರ ಹೋದೆ. ಅವರ ಕೈಯಿಂದ ಅದೇ ವಾಸನೆ ಬರುತ್ತಿತ್ತು. ನಾನು ಚಿಕ್ಕವಳಿದ್ದಾಗ ನೀನು ಎರಡೆರಡು ಸಲ ಸಾಬೂನು ಹಚ್ಚಿ ತೊಳೆದು ಬಂದು ತುತ್ತು ಹಿಡಿದರೂ ನಾನು ಮುಖ ತಿರುಗಿಸುತ್ತಿದ್ದೆನಲ್ಲ, ಅದೇ. ಕೊನೆಗೆ ನೀನು ನನಗೊಂದು ಚಮಚ ತಂದುಕೊಟ್ಟೆ.

ಕಾಕಾ ಕೈ ತೊಳೆದು ಬಂದು ಡಬ್ಬಿ ಬಿಚ್ಚಿ ನನ್ನ ಮುಂದೆ ಸರಿಸಿದರು. "ರೊಟ್ಟಿ ನೀನೇ ತಗೋ ತಾಯಿ, ನನ್ನ ಕೈ ವಾಸನಿ ಹೋಗಂಗಿಲ್ಲ."

"ನೀವೇ ಮುರಿದು ಕೊಡ್ರಿ ಕಾಕಾ," ಎಂದೆ.