ಎರಡನೇ ಸಹಿ

ಮನೆಯಿಂದ,
ಜುಲೈ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಕಡಿಮೆಯಾಯಿತೇ? ಚಿಕ್ಕಮ್ಮನ ಮನೆಯ ಹಿಂದಿನ ಕೋಣೆಗೆ ಬಿಸಿಲೇ ಬರುವುದಿಲ್ಲ. ಮುಂದಿನ ಕೋಣೆ ಕೇಳಿ ತೆಗೆದುಕೋ, ಸಂಕೋಚಪಟ್ಟುಕೊಂಡು ಕೂರಬೇಡ. ನಾನು ಚೆನ್ನಾಗಿದ್ದೇನೆ. ಹಾಗೆಂದು ಬರೆಯುವುದು ರೂಢಿ. ನೀನು ಯಾರ ಫೋನನ್ನೂ ಎತ್ತುವುದಿಲ್ಲವಾದ್ದರಿಂದ ಈ ಕಾಗದ.

ನಿನ್ನೆ ಭಾವನನ್ನು ನೋಡಿ ಬಂದೆ. ನೀನು ಮನೆ ಬಿಟ್ಟ ಇಪ್ಪತ್ತು ದಿನದಿಂದ ಅಡುಗೆಮನೆಯಲ್ಲಿ ನಿಂತುಕೊಂಡೇ ಉಣ್ಣುತ್ತಾರೆ, ಪಾತ್ರೆಯಿಂದ ನೇರವಾಗಿ. ಬುಧವಾರ ಹನ್ನೊಂದಕ್ಕೆ ನಮ್ಮ ಕಚೇರಿಯಲ್ಲಿ ಅವರ ವಿಚಾರಣೆ. ಅದಕ್ಕೆಂದು ಒಂದೇ ಅಂಗಿಯನ್ನು ಎರಡು ಸಲ ಇಸ್ತ್ರಿ ಮಾಡಿದ್ದರು. ಕೆಲಸ ಹೋಗುವುದು ಬಹುತೇಕ ಖಚಿತ. ಅದರ ಮಾತೆತ್ತಲಿಲ್ಲ. ಕೇಳಿದ್ದು ಒಂದೇ: "ನಿಮ್ಮಕ್ಕ ಏನಾದ್ರೂ ಬರೆದ್ಲಾ?" ಇಲ್ಲ ಎಂದೆ. "ಬರೀತಾಳೆ ಬಿಡು. ಅವಳ ಕೋಪ ಹಾಲುಕ್ಕಿದ ಹಾಗೆ, ಹತ್ತಿರ ಇರೋರು ಒಲೆ ಆರಿಸಬೇಕು ಅಷ್ಟೆ."

ಆ ಜಲಪಾತ ಸಿಕ್ಕ ದಿನ ನಿನಗೆ ನೆನಪಿರಬೇಕು. ಹೋದ ವರ್ಷದ ಏಪ್ರಿಲ್. ಬೆಳಿಗ್ಗೆ ಹೋಗಿ ಸಂಜೆ ಮರಳುವ ಪ್ರವಾಸಿಗರಿಗಾಗಿ ನಮ್ಮ ಕಚೇರಿ ಹೊರಡಿಸುವ ಕೈಪಿಡಿಗೆ ಹೊಸ ಜಾಗ ಹುಡುಕಿಕೊಂಡು ನಾನು ಹೊರಟಿದ್ದೆ. ನೀನು ಸುಮ್ಮನೆ ಜೊತೆಗೆ ಬಂದೆ. ನೋಡಬೇಕೆಂದಿದ್ದ ಕೋಟೆಗೆ ಬೀಗ. ವಾಪಸು ಬಸ್ಸಿಗೆ ಮೂರು ಗಂಟೆ ಬಾಕಿ. ಹೊತ್ತು ಕಳೆಯಲು ಕಲ್ಲುಗಣಿಯ ಹಿಂದಿನ ಕಾಲುದಾರಿ ಹಿಡಿದೆವು. ತಿರುವಿನಲ್ಲಿ ಮೊದಲು ಸದ್ದು, ಆಮೇಲೆ ನೀರು. ಯಾರೋ ನಲ್ಲಿ ನಿಲ್ಲಿಸಲು ಮರೆತಂತೆ, ಎರಡಾಳೆತ್ತರದಿಂದ, ಯಾವ ಆಡಂಬರವೂ ಇಲ್ಲದೆ ಬೀಳುತ್ತಿತ್ತು. ಬುಡದಲ್ಲಿ ಚಪ್ಪಟೆ ಬಂಡೆ. ನೀನು ಚಪ್ಪಲಿ ಬಿಟ್ಟು ಅದರ ಮೇಲೆ ಕುಳಿತು, "ಲೋ, ಇದನ್ನ ನಿನ್ನ ಪುಸ್ತಕಕ್ಕೆ ಹಾಕ್ಬೇಡ ಕಣೋ, ಜನ ಬಂದು ಹಾಳ್ಮಾಡ್ತಾರೆ" ಎಂದೆ. ನಾನು ಹಾಕಿದೆ. "ಬಂಡೆಯ ಮೇಲೆ ಆರಾಮವಾಗಿ ಕುಳಿತು ಊಟ ಮಾಡಬಹುದು" ಎಂಬ ಸಾಲು ನನ್ನದೇ. ಹದಿನೆಂಟು ವರ್ಷ ಅಂಥ ಸಾಲುಗಳನ್ನು ಬರೆದಿದ್ದೇನೆ. ಯಾರಾದರೂ ಓದಿ ಹಾಗೆಯೇ ನಡೆದುಕೊಳ್ಳುತ್ತಾರೆಂದು ಅನ್ನಿಸಿದ್ದೇ ಇಲ್ಲ.

ನಮ್ಮಲ್ಲಿ ಒಂದು ನಿಯಮ. ನೀರಿರುವ ಜಾಗವನ್ನು ಬೇಸಿಗೆಯಲ್ಲಿ ಒಬ್ಬ, ಮಳೆಗಾಲದಲ್ಲಿ ಇನ್ನೊಬ್ಬ ಹೋಗಿ ನೋಡಬೇಕು. ಇಬ್ಬರ ಸಹಿಯಿಲ್ಲದೆ ಅಚ್ಚಾಗುವುದಿಲ್ಲ. ಬೇಸಿಗೆಯ ಸಹಿ ನನ್ನದು, ಮಳೆಗಾಲದ್ದು ಭಾವನದು. ಹೋದ ತಿಂಗಳು ಹೊಲಿಗೆ ಅಂಗಡಿಯ ಮೂವರು ಹೆಂಗಸರು ರಜೆ ಹಾಕಿ ಅಲ್ಲಿಗೆ ಹೋದರು. ಒಬ್ಬಾಕೆ ನಿನ್ನ ಬಟ್ಟೆ ಹೊಲಿಯುತ್ತಿದ್ದವಳು. ಅವರು ಕುಳಿತಲ್ಲಿ ಮಳೆಯೇ ಇರಲಿಲ್ಲವಂತೆ. ಮೇಲಿನ ಗುಡ್ಡದಲ್ಲಿ ಬಿದ್ದದ್ದು ಒಮ್ಮೆಲೇ ಇಳಿದು ಮೂವರನ್ನೂ ಕೊಚ್ಚಿಕೊಂಡು ಹೋಯಿತು. ದಡದಲ್ಲಿ ಸಿಕ್ಕ ಚೀಲದಲ್ಲಿ ನಮ್ಮ ಕೈಪಿಡಿ ಇತ್ತು, ಆ ಪುಟಕ್ಕೆ ಮಡಚಿದ್ದು. ಮಳೆಗಾಲದಲ್ಲಿ ಒಂದು ಸಲ ಅಲ್ಲಿ ನಿಂತವರಿಗೂ ಬಂಡೆ ಮುಳುಗುತ್ತದೆಂದು ತಿಳಿಯುತ್ತದೆ. ಹಾಗಾಗಿ ಭಾವ ಹೋಗಿಯೇ ಇಲ್ಲವೆಂದು ಎಲ್ಲರಿಗೂ ಗೊತ್ತಾಯಿತು. "ನೋಡದೆ ಸಹಿ ಹಾಕೋ ಮನುಷ್ಯನ ಜೊತೆ ನಾನಿರಲ್ಲ" ಎಂದು ನೀನು ಹೊರಟಾಗ ಅವರು ಎದುರಾಡಲಿಲ್ಲ. ನಿನ್ನ ಪೆಟ್ಟಿಗೆಯನ್ನು ಆಟೋದಲ್ಲಿಟ್ಟವನು ನಾನು.

ಔಷಧಿ ತಪ್ಪಿಸಬೇಡ. ಚಿಕ್ಕಮ್ಮನಿಗೆ ನನ್ನ ನಮಸ್ಕಾರ ಹೇಳು, ಅವರ ಕಣ್ಣಿನ ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾದರೆ ತಿಳಿಸು.

ನಿನ್ನ,
ತಮ್ಮ

ತಾ.ಕ.: ಹೋದ ವರ್ಷದ ಮಳೆಗಾಲದಲ್ಲಿ ಭಾವನ ಮಂಡಿ ಊದಿತ್ತು. "ನೀವು ಬೇಡ ಭಾವ, ನಿಮ್ಮ ಬದಲು ನಾನೇ ನೋಡ್ಕೊಂಡು ಬರ್ತೀನಿ" ಎಂದೆ. ಬಸ್ ನಿಲ್ದಾಣದವರೆಗೆ ಹೋದೆ. ಸಂಜೆಯ ತನಕ ಅಲ್ಲೇ ಕಾಫಿ ಕುಡಿಯುತ್ತ ಕುಳಿತಿದ್ದು ಹಿಂತಿರುಗಿ, "ನೀರು ಸ್ವಲ್ಪ ಜಾಸ್ತಿ, ಅಷ್ಟೆ" ಎಂದೆ. ಅವರು ಸಹಿ ಹಾಕಿದರು. ನಾನು ಹೋಗಿದ್ದೆನೆಂದೇ ಈಗಲೂ ನಂಬಿದ್ದಾರೆ. ಬುಧವಾರದ ವಿಚಾರಣೆಯಲ್ಲಿ ನನ್ನ ಹೆಸರು ಎತ್ತುವುದಿಲ್ಲವೆಂದು ನಿನ್ನೆ ಮಾತು ಕೊಟ್ಟರು. ಬೇಡವೆನ್ನಲಿಲ್ಲ ನಾನು. ಈ ಕಾಗದವನ್ನು ನಾಳೆ ಸಂಜೆ ಅಂಚೆಗೆ ಹಾಕುತ್ತೇನೆ. ನಿನಗೆ ಗುರುವಾರ ಸಿಗುತ್ತದೆ.