ಗೌರಿ ಹಬ್ಬಕ್ಕೆ ಕರೆಯಲು ಬಂದವನು

ಜೈಲು, ಎರಡನೇ ಬ್ಯಾರಕ್ಕು
21-8-2025, ಗುರುವಾರ

ಪ್ರೀತಿಯ ಭಾನಕ್ಕನಿಗೆ ನಿನ್ನ ತಮ್ಮ ಬೀರೇಶ ಮಾಡುವ ನಮಸ್ಕಾರ.

ನಿನ್ನ ಮಂಡಿ ನೋವು ಹೇಗಿದೆ? ಎಣ್ಣೆ ಹಚ್ಚುವುದನ್ನು ಬಿಟ್ಟಿದ್ದೀಯಂತೆ, ಯಾಕೆ? ಭಾವನ ಬಿ.ಪಿ. ಮಾತ್ರೆ ತಪ್ಪಿಸಬೇಡ. ಯಶಸ್ವಿನಿ ಸ್ಕೂಲ್ ಬಸ್ಸಿನಿಂದ ಇಳಿಯುವಾಗ ಯಾರಾದರೂ ರಸ್ತೆಯ ಹತ್ತಿರ ನಿಲ್ಲುತ್ತೀರಾ ಇಲ್ಲವಾ? ಇಲ್ಲಿ ಕೂತು ಇದನ್ನೆಲ್ಲ ಯೋಚಿಸಿ ಏನೂ ಆಗುವುದಿಲ್ಲ ಅಂತ ಗೊತ್ತು, ಆದರೂ ಯೋಚನೆ ನಿಲ್ಲುವುದಿಲ್ಲ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಅಂದರೆ ಜ್ವರ ಇಲ್ಲ, ಅಷ್ಟೆ. ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟವನ ಬರಹ, ತಪ್ಪಿದ್ದರೆ ಹೊಂದಿಸಿಕೊಂಡು ಓದು.

ಹೊರಗಡೆ ರಜ ಬಂದರೆ ಸಂತೋಷ. ಇಲ್ಲಿ ರಜ ಅಂದರೆ ಕೋರ್ಟಿಲ್ಲ, ವಕೀಲರಿಲ್ಲ, ನೋಡಲು ಬರುವವರನ್ನು ಒಳಗೆ ಬಿಡುವುದಿಲ್ಲ. ಕ್ಯಾಲೆಂಡರಿನಲ್ಲಿ ಕೆಂಪು ಅಂಕೆ ಕಂಡರೆ ಎಲ್ಲರ ಮುಖವೂ ಸಪ್ಪಗಾಗುತ್ತದೆ. ಯುಗಾದಿಗೆ ಪಾಯಸ ಕೊಟ್ಟರು, ಸುಳ್ಳು ಹೇಳಬಾರದು, ದ್ರಾಕ್ಷಿಯೂ ಇತ್ತು. ದೊಡ್ಡಮುನಿಯಪ್ಪ ಅಂತ ಒಬ್ಬ ಮುದುಕ ಅಂಗಳದ ಮರದಿಂದ ಬೇವು ಕಿತ್ತು ತಂದು, ಕ್ಯಾಂಟೀನಿನ ಬೆಲ್ಲ ಸೇರಿಸಿ ಎಲ್ಲರಿಗೂ ಹಂಚಿದ. “ಬೇವು ಸರ್ಕಾರದ್ದು ಕಣ್ರಪ್ಪಾ, ಬೆಲ್ಲ ನಮ್ದು” ಅಂದ. ಎಲ್ಲರೂ ನಕ್ಕೆವು. ಆಮೇಲೆ ಗೋಡೆ ಕಡೆ ತಿರುಗಿ ತಿಂದೆವು. ನನ್ನ ಕೇಸು ಹಾಗೇ ಇದೆ. ನೆಲಮಂಗಲದ ಗೋಡೌನಿನಲ್ಲಿ ಆವತ್ತು ಗೇಟು ತೆಗೆದವನು ನಾನು. ಮೇಲಿನವರು ಫೋನಿನಲ್ಲಿ ತೆಗಿ ಅಂದರು, ತೆಗೆದೆ. ಲಾರಿ ಹೋಯಿತು, ಸರಕು ಹೋಯಿತು, ಫೋನ್ ಮಾಡಿದವರು ಮಾಡಿಲ್ಲ ಅಂದರು. ಮುಂದಿನ ವಾಯಿದೆ ಹಬ್ಬ ಕಳೆದ ಮೇಲೆ.

ಈಗ ಗೌರಿ ಹಬ್ಬದ ವಿಷಯ. ಅಪ್ಪ ಹೋದ ಮೇಲೆ ಪ್ರತಿ ವರ್ಷ ನಾನೇ ನಿಮ್ಮೂರು ಸಾಸಲಿಗೆ ಬಂದು, ನಿನ್ನ ಹೊಸಿಲ ಹತ್ತಿರ ನಿಂತು, ಎಲೆ ಅಡಿಕೆ ಅರಿಶಿನ ಕುಂಕುಮ ಕೊಟ್ಟು ಕರೆಯುತ್ತಿದ್ದೆ. ಈ ಸಲ ಚೈತ್ರಳಿಗೆ ಹೇಳಿ ಫೋನ್ ಮಾಡಿಸಿದೆ. ಅದು ನನ್ನ ದಡ್ಡತನ. “ಫೋನ್ ಮಾಡಿ ಕರೆಸೋಕೆ ನಾನೇನು ಬಾಡಿಗೆ ಆಟೋನಾ?” ಅಂದೆಯಂತೆ. ಹೆಂಡತಿ ತಾನೇ, ಚೈತ್ರಳನ್ನೇ ಕಳಿಸೋಣ ಅಂದರೆ, ಅಣ್ಣ ತಮ್ಮ ಬಂದು ಕರೆಯಬೇಕು, ಸೊಸೆ ಕರೆದರೆ ಅದು ಕರೆ ಅಲ್ಲ ಅಂತ ಅಮ್ಮನ ಹಟ. ನೀನು ಬರದಿದ್ದರೆ ನಮ್ಮ ತ್ಯಾಮಗೊಂಡ್ಲು ಮನೆಯಲ್ಲಿ ಗೌರಿ ಕೂರಿಸುವುದೇ ಇಲ್ಲ ಅಂತಲೂ ಹೇಳಿದ್ದಾಳೆ. ಅವಳು ಹಬ್ಬ ಬಿಟ್ಟರೆ ಊಟವನ್ನೂ ಬಿಡುತ್ತಾಳೆ, ನಿನಗೇ ಗೊತ್ತು. ನಿಮ್ಮತ್ತೆ ರುಕ್ಮಿಣಮ್ಮನವರು ಅಂದದ್ದೂ ಕಿವಿಗೆ ಬಿತ್ತು: “ಈ ಸಲ ಯಾರಮ್ಮಾ ಬರ್ತಾರೆ ಕರಿಯಾಕೆ? ಜೈಲಿಂದ ಬರ್ತಾರಾ?” ಆವತ್ತಿನಿಂದ ನನಗೆ ಸರಿಯಾಗಿ ಊಟ ಸೇರುತ್ತಿಲ್ಲ.

ನನ್ನ ಪಕ್ಕದ ಹಾಸಿಗೆಯವನು ಅಶೋಕ್, ಹೊಸಕೋಟೆ ಕಡೆಯವನು. ಹೊಡೆದಾಟದ ಕೇಸಿನಲ್ಲಿ ಬಂದಿದ್ದ, ಈಗ ಬೇಲ್ ಆಗಿದೆ, ನಾಳೆ ಹೋಗುತ್ತಾನೆ. ನನ್ನ ಗೋಳು ಕೇಳಿ ಕೇಳಿ ಸಾಕಾಗಿ, “ಲೇ ಗುರು, ನೀನು ಹಿಂಗೆ ಕೊರಗ್ತಾ ಕೂತ್ರೆ ಗೌರಮ್ಮನೇ ಅರ್ಧ ದಾರೀಲಿ ವಾಪಸ್ ಹೋಗ್ತಾಳೆ. ನಿನ್ ಬದ್ಲು ತಮ್ಮ ಆಗಿ ನಾನ್ ಹೋಗಿ ಕರೀತೀನಿ ಬಿಡು” ಅಂದ. ನಿಮ್ಮತ್ತೆಯ ಮಾತು ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕ. “ಹೂಂ ಅಜ್ಜಿ, ಜೈಲಿಂದಾನೇ ಬಂದಿದ್ದೀನಿ ಅಂತೀನಿ” ಅಂದ. ಹಾಗೆ ಮಾತ್ರ ಅನ್ನಬೇಡ ಅಂತ ಕೈ ಮುಗಿದಿದ್ದೇನೆ. ಅವನ ಕತ್ತಿನ ಮೇಲೆ ಚೇಳಿನ ಹಚ್ಚೆ ಇದೆ, ಕಾಲರಿನ ಗುಂಡಿ ಹಾಕಿಕೊಂಡು ಹೋಗು ಅಂದರೆ, “ಹೆಣ್ಣು ನೋಡೋಕೆ ಕಳಿಸ್ತಿದ್ದೀಯಾ?” ಅನ್ನುತ್ತಾನೆ. ದೊಡ್ಡಬಳ್ಳಾಪುರದಲ್ಲಿ ಎಲೆ ಬಾಳೆಹಣ್ಣು ತಗೋ, ಚಪ್ಪಲಿ ದೂರ ಬಿಡು, ಕಾಯಿಯ ಜುಟ್ಟು ಮುರಿಯಬೇಡ ಅಂತೆಲ್ಲ ಹೇಳಿಕೊಟ್ಟಿದ್ದೇನೆ. ಈ ಕಾಗದವನ್ನೂ ಅವನ ಕೈಯಲ್ಲೇ ಕೊಡುತ್ತಿದ್ದೇನೆ. ಕುಡಿಯುವುದನ್ನು ಬಿಟ್ಟಿದ್ದೇನೆ ಅನ್ನುತ್ತಾನೆ. ಇಲ್ಲಿ ಸಿಗುವುದಿಲ್ಲವಲ್ಲ, ಅದಕ್ಕೇ ನನಗೆ ಭಯ. ಆದರೂ ಕಳಿಸುತ್ತಿದ್ದೇನೆ, ಬೇರೆ ಯಾರನ್ನು ಕಳಿಸಲಿ?

ಭಾವನಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಯಶಸ್ವಿನಿಗೆ ಮಾಮನ ಮುತ್ತು.

ಇಂತಿ ನಿನ್ನ ತಮ್ಮ
ಬೀರೇಶ

ಮರೆತ ಮಾತು: ಬಾಗಿಲು ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಶೋಕನಿಗೂ ಒಬ್ಬ ಅಕ್ಕ ಇದ್ದಾಳೆ. ಹಬ್ಬಕ್ಕೆ ಮನೆ ಕಡೆ ಬರಬೇಡ ಅಂತ ಹೋದ ವಾರ ಹೇಳಿ ಕಳಿಸಿದ್ದಾಳೆ. ಅದನ್ನು ನೀನು ಕೇಳಬೇಡ. ನನ್ನ ಮೇಲಿನ ಸಿಟ್ಟು ನನಗೇ ಇಟ್ಟಿರು, ನಾನು ಎಲ್ಲಿಗೂ ಓಡಿ ಹೋಗುವುದಿಲ್ಲ. ಕರೆಯಲು ಬಂದವನು, ಮನೆಮಗಳು ‘ಬರ್ತೀನಿ’ ಅನ್ನುವ ತನಕ ನೀರು ಮುಟ್ಟಬಾರದು ಅನ್ನುವ ನಮ್ಮ ಪದ್ಧತಿಯನ್ನೂ ಅವನಿಗೆ ಹೇಳಿಬಿಟ್ಟಿದ್ದೇನೆ. ನಾನಾಗಿದ್ದರೆ ನಿನ್ನನ್ನು ಬೈದು ಚೊಂಬು ಎತ್ತಿಬಿಡುತ್ತಿದ್ದೆ. ಅವನು ಹಾಗಲ್ಲ, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಬಸ್ಸಿಳಿದು ಬಿಸಿಲಲ್ಲಿ ನಡೆದು ಬಂದಿದ್ದಾನೆ. ನೀನು ಇದನ್ನು ಓದುವಾಗ ಹೊಸಿಲ ಆಚೆ ನಿಂತಿರುತ್ತಾನೆ. ಬೇಗ ಹೇಳಕ್ಕಾ.