ಬೇವಿನ ಗಿಡ ದಾಟಿದ ಮೇಲೆ

ಲಚ್ಯಾಣದ ಹತ್ತಿರದ ನಮ್ಮ ಹಳ್ಳಿಯಿಂದ,
ತಾ. ೧೦-೨-೧೯೭೪, ರವಿವಾರ

ಶಂಕ್ರಿಯ ಅಪ್ಪನವರಿಗೆ ಇಂದುವಿನ ನಮಸ್ಕಾರಗಳು.

ನಿಮ್ಮ ಎರಡೂ ಕಾಗದಗಳು ಬಂದು ಮುಟ್ಟಿವೆ. ಉತ್ತರ ಬರಲಿಲ್ಲವೆಂದು ಸಿಟ್ಟಾಗಬೇಡಿ. ಮೊದಲು ಸಾಲಿಯ ವಾರ್ಷಿಕ ಗ್ಯಾದರಿಂಗ್ ಇತ್ತು, ಅದು ಮುಗಿಯುವಷ್ಟರಲ್ಲಿ ಮಕ್ಕಳ ಪ್ರವಾಸ ಬಂತು ಎಂದು ನೆಪ ಹೇಳಬಹುದು. ಖರೇ ಹೇಳಬೇಕೆಂದರೆ ಬರೆಯಲು ಕೂತಾಗಲೆಲ್ಲ ಎದ್ದುಹೋಗಿದ್ದೇನೆ. ಸಾಲಿಯ ಮಕ್ಕಳು ನನ್ನನ್ನು ಕರೆಯುವಂತೆ "ಅಕ್ಕೋರ ಸನ್ನಿಧಾನಕ್ಕೆ ಬಡ ಮಾಸ್ತರನ ಬಿನ್ನಹ" ಎಂದು ಚೇಷ್ಟೆಯಿಂದ ಶುರು ಮಾಡಿ, ಕೊನೆಗೆ ಜೂನ್ ತಿಂಗಳಿಂದ ಶಂಕ್ರಿಯನ್ನು ಸಿಂದಗಿಯಲ್ಲಿ ನಿಮ್ಮ ಅಕ್ಕ ಕಸ್ತೂರೆವ್ವನವರ ಮನೆಯಲ್ಲಿ ಓದಲು ಇಡೋಣ ಎಂದು ಬರೆದರೆ, ಯಾವ ಹೆಂಡತಿ ಸಮಾಧಾನದಿಂದ ಕೂತು ಉತ್ತರ ಬರೆದಾಳು?

ನನ್ನ ಉತ್ತರ ಇಷ್ಟೇ. ಕಳಿಸುವುದಿಲ್ಲ. ನೀವು ಅಲ್ಲಿ ಮುದ್ದೇಬಿಹಾಳ ತಾಲೂಕಿನ ಸಾಲಿಯಲ್ಲಿ, ನಾನು ಇಲ್ಲಿ ಇಂಡಿ ತಾಲೂಕಿನ ಸಾಲಿಯಲ್ಲಿ. ಒಂದು ಮನೆ ಆಗಲೇ ಎರಡು ತುಂಡಾಗಿದೆ. ನಿಮ್ಮ ವರ್ಗಾವಣೆಯ ಅರ್ಜಿ ಯಾವ ಮೇಜಿನ ಮೇಲೆ ನಿದ್ದೆ ಮಾಡುತ್ತಿದೆಯೋ ದೇವರಿಗೇ ಗೊತ್ತು. ಮೂರನೇ ತುಂಡು ಮಾಡುವುದು ಬೇಡ. "ಹಿತ್ತಲ ಗಿಡ ಮದ್ದಲ್ಲ, ತಾಯಿ ಕಲಿಸಿದರೆ ಮಕ್ಕಳಿಗೆ ಹತ್ತುವುದಿಲ್ಲ" ಎಂದು ಬರೆದಿದ್ದೀರಿ. ಮೂರನೆಯ ಇಯತ್ತೆಯಲ್ಲಿ ನಿಮ್ಮ ಮಗಳಷ್ಟು ತಪ್ಪಿಲ್ಲದೆ ಶುದ್ಧಲೇಖನ ಬರೆಯುವವರು ಇನ್ನೊಬ್ಬರಿಲ್ಲ. ತಾಯಿ ಕಣ್ಣೆದುರಿಗೆ ಇರುವಾಗ ಅತ್ತೆಯ ಮನೆ ಯಾಕೆ?

ಇನ್ನು ಊರ ಸುದ್ದಿ. ಗ್ಯಾದರಿಂಗ್ ಜನವರಿ ಇಪ್ಪತ್ತಾರರ ಸಂಜೆ ಚೆನ್ನಾಗಿಯೇ ಆಯಿತು. ನಮಗೆ ಮನೆ ಬಾಡಿಗೆ ಕೊಟ್ಟಿರುವ ಲಾಲಬಿ ತಮ್ಮ ಪೆಟ್ಟಿಗೆಯಿಂದ ಎರಡು ಇಳಕಲ್ ಸೀರೆ ತೆಗೆದುಕೊಟ್ಟರು. ಅವನ್ನೇ ಪರದೆ ಮಾಡಿದೆವು. ಹೆಡ್ ಮಾಸ್ತರರಾದ ಶ್ರೀಶೈಲಪ್ಪನವರು ಭಾಷಣಕ್ಕೆ ನಿಂತರು, ಬಿಟ್ಟರೆ ಬೆಳಗಾಗುತ್ತಿತ್ತು. ಮುಂದೆ ಕೂತ ಸಣ್ಣ ಹುಡುಗರು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರು.

ಕೋಲಾಟದಲ್ಲಿ ಮುಂದೆ ನಿಂತು ಆಡಿಸುವವಳು ನಮ್ಮ ಶಂಕ್ರಿಯೇ ಆಗಬೇಕಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗಬೇಡಿ. ತಿಂಗಳಿಡೀ ಉಳಿದವರಿಗೆ ಹೆಜ್ಜೆ ಕಲಿಸಿದವಳು ಅವಳು. ಆದರೂ ನಾನು ಆ ಜಾಗ ಮಲಿಕಸಾಬರ ಮಗಳು ಸಾಬೀರಾಳಿಗೆ ಕೊಟ್ಟೆ. ನಮ್ಮವಳಿಗೆ ಪರದೆ ಎಳೆಯುವ ಕೆಲಸ ಕೊಟ್ಟೆ. ಯಾಕೆಂದು ನಿಮಗೆ ಗೊತ್ತಿದೆ. ಅವಳು ಒಂದನೆಯ ಇಯತ್ತೆಗೆ ಬಂದ ಹೊಸತರಲ್ಲಿ ಪ್ರಾರ್ಥನೆಯ ನಡುವೆ ಓಡಿಬಂದು ನನ್ನ ಸೆರಗು ಹಿಡಿದಾಗ, ಸಾಲಿ ಕಮಿಟಿಯ ಗುರಪ್ಪನವರು ಎಲ್ಲರೆದುರಿಗೆ ಅಂದಿದ್ದರಲ್ಲ: "ಇದೇನ್ ಸರಕಾರಿ ಸಾಲಿ ಐತೋ, ಅಕ್ಕೋರ ಮನೀ ಪಡಸಾಲಿ ಐತೋ?" ಆವತ್ತೇ ಅವಳನ್ನು ಅಂಗಳದ ಬೇವಿನ ಗಿಡದ ಹತ್ತಿರ ನಿಲ್ಲಿಸಿ ಹೇಳಿದ್ದೆ: "ನೋಡವ್ವಿ, ಈ ಗಿಡದ ಒಳಗ ನಾ ಎಲ್ಲಾರಂಗ ನಿನಗೂ ಅಕ್ಕೋರ. ಗಿಡ ದಾಟಿದ ಮ್ಯಾಲೆ ಅವ್ವ." ನೀವೂ ಕೇಳಿ ಭೇಷ್ ಅಂದಿರಿ. ಅವಳು ಒಂದು ದಿನವೂ ತಪ್ಪಿಲ್ಲ.

ಗ್ಯಾದರಿಂಗ್ ಮುಗಿದ ಮೇಲೆ ಅದೇ ಗುರಪ್ಪನವರು ಬಂದು, "ಭೇಷ್ ರೀ ಅಕ್ಕೋರ, ನಿಮಗ ತನ್ನವರು ಪರರು ಅಂಬೋದ ಇಲ್ಲ ನೋಡ್ರಿ" ಎಂದರು. ನನಗೆ ಎಷ್ಟು ಹೆಮ್ಮೆಯಾಯಿತು ಎಂದರೆ ಅದನ್ನು ನಿಮಗೆ ಅವತ್ತೇ ಬರೆಯಬೇಕೆಂದಿದ್ದೆ. ಶಂಕ್ರಿ ಪರದೆಯ ಹಗ್ಗ ಹಿಡಿದುಕೊಂಡು ನಮ್ಮ ಮಾತು ಕೇಳುತ್ತ ನಿಂತಿದ್ದಳು.

ಬರೆಯುತ್ತ ಎದ್ದುಹೋಗಿ ಬಾಗಿಲಲ್ಲಿ ನಿಂತು ಬಂದೆ. ಯಾರೂ ಬಂದಿರಲಿಲ್ಲ. ಈ ನಾಲ್ಕು ದಿನ ಹೀಗೇ ಆಗಿದೆ. ರೊಟ್ಟಿ ತಟ್ಟುವಾಗ ಸಾಲಿಯ ನೆನಪು, ಸಾಲಿಯಲ್ಲಿ ಒಲೆಯ ನೆನಪು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನಮ್ಮವ್ವ ಇದ್ದಿದ್ದರೆ ದೃಷ್ಟಿಯಾಗಿದೆ ಎಂದು ಉಪ್ಪು ಇಳಿಸುತ್ತಿದ್ದಳು.

ಪ್ರವಾಸ ಹೋದ ಗುರುವಾರ. ಲಚ್ಯಾಣ ಸ್ಟೇಷನ್ನಿಗೆ ನಡೆದುಹೋಗಿ ಬೆಳಗಿನ ಗಾಡಿ ಹಿಡಿದು ವಿಜಾಪುರಕ್ಕೆ ಹೋದೆವು. ಅರ್ಧಕ್ಕರ್ಧ ಮಕ್ಕಳು ರೈಲು ಹತ್ತಿದ್ದೇ ಅವತ್ತು. ಗಾಡಿ ಸಿಳ್ಳೆ ಹೊಡೆದ ಕೂಡಲೇ ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಯಾರೋ ಒಬ್ಬಳ ಗಂಟಿನಲ್ಲಿ ಸಂಕ್ರಾಂತಿಯಿಂದ ಉಳಿದ ಶೇಂಗಾ ಹೋಳಿಗೆ. ಹೆಡ್ ಮಾಸ್ತರರು, "ಮಧ್ಯಾಹ್ನ ಏನ್ ತಿಂತೀರಲೇ, ಗುಮ್ಮಟದ ಕಲ್ಲ?" ಎಂದು ಕೂಗಾಡಿದರು. ಆಮೇಲೆ ಆ ಹೋಳಿಗೆಯಲ್ಲಿ ಅವರೂ ಪಾಲು ತೆಗೆದುಕೊಂಡರು. ನಮ್ಮ ಶಂಕ್ರಿ ನೀವು ಹಬ್ಬಕ್ಕೆ ಕೊಡಿಸಿದ ಹೊಸ ಚಪ್ಪಲಿ ಮೆಟ್ಟಿಕೊಂಡು ಬಂದಿದ್ದಳು. ಸಾಲಿನ ಕೊನೆಗೆ ನಿಲ್ಲು ಎಂದು ಹೇಳಿದ್ದೆ, ಇಡೀ ದಿನ ಕೊನೆಗೇ ನಡೆದಳು. ನಾನು ಮುಂದೆ ಇದ್ದೆ.

ಗೋಳಗುಮ್ಮಟದ ಮೆಟ್ಟಿಲು ಹತ್ತಿ ಮೇಲಿನ ಸುತ್ತುಗಟ್ಟೆಗೆ ಹೋದಾಗ ಮಕ್ಕಳ ಉಸಿರು ಮೇಲೆ ಕೆಳಗೆ. ಪಿಸುಗುಟ್ಟಿದರೂ ಆಚೆಯ ಗೋಡೆಗೆ ಕೇಳುವ ಆ ಜಾಗ ನಿಮಗೆ ನೆನಪಿರಬೇಕು. ಮದುವೆಯಾದ ಹೊಸತರಲ್ಲಿ ನೀವು ಅಲ್ಲಿ ಏನು ಪಿಸುಗುಟ್ಟಿದಿರಿ ಎಂದು ಇಲ್ಲಿ ಬರೆಯುವುದಿಲ್ಲ. ಶ್ರೀಶೈಲಪ್ಪನವರಿಗೂ ಅವತ್ತು ಹುರುಪು ಬಂದಿತ್ತು. "ಒಬ್ಬೊಬ್ಬರ ನಿಮ್ಮವ್ವನ್ನ ಕರೀರಿ ನೋಡೂಣು. ಗುಮ್ಮಟ ಏಳು ಸಲ ಕರೀತೈತಿ!" ಎಂದರು.

ಮಕ್ಕಳು ಒಬ್ಬರಾದ ಮೇಲೊಬ್ಬರು ಗೋಡೆಗೆ ಬಾಯಿ ಹಚ್ಚಿ, "ಯವ್ವಾ!" ಎಂದು ಕೂಗಿದರು. ಸಾಬೀರಾ "ಅಮ್ಮಾ!" ಎಂದಳು. ಗುಮ್ಮಟದ ತುಂಬ ಅವ್ವಂದಿರೇ. ನಾನು ಆಚೆಯ ಬದಿಗೆ ಹೋಗಿ ಗೋಡೆಗೆ ಕಿವಿಯಿಟ್ಟು ನಿಂತಿದ್ದೆ. ಅಲ್ಲಿದ್ದ ಮಕ್ಕಳಲ್ಲಿ ಅವ್ವ ಎದುರಿಗೇ ಇದ್ದವಳು ನಮ್ಮ ಶಂಕ್ರಿ ಒಬ್ಬಳೇ. ಅವಳ ಸರದಿ ಕೊನೆಗೆ ಬಂತು. ಒಂದು ಗಳಿಗೆ ನನ್ನ ಕಡೆಗೆ ನೋಡಿದಳು. ಆಮೇಲೆ ಗೋಡೆಗೆ ಬಾಯಿ ಹಚ್ಚಿ, "ಅಕ್ಕೋರಾ!" ಎಂದಳು.

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. "ಎಂಥಾ ಶಿಸ್ತರೀ ನಿಮ್ಮ ಹುಡುಗೀದು!" ಎಂದು ಹೆಡ್ ಮಾಸ್ತರರು ಹೊಗಳಿದರು. ನಾನೂ ನಕ್ಕೆ. ಗುಮ್ಮಟ ಮಾತ್ರ ಅದನ್ನು ಮತ್ತೆ ಮತ್ತೆ ಹೇಳಿತು. ಬರುವಾಗ ರೈಲಿನಲ್ಲಿ ಎಲ್ಲರೂ ಹಾಡುತ್ತಿದ್ದರು, ನಾನು ಕಿಟಕಿಯ ಹೊರಗೆ ಜೋಳದ ಹೊಲ ನೋಡುತ್ತ ಕೂತಿದ್ದೆ.

ನೀವು ಶಿವರಾತ್ರಿಯ ಸೂಟಿಗೆ ಬಂದೇ ಬರುತ್ತೀರಲ್ಲ? ದಾರಿಯಲ್ಲಿ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸುವಾಗ ಇಳಿದು ಬಸವಣ್ಣನಿಗೆ ಕೈಮುಗಿದು ಬನ್ನಿ. ಕೆಮ್ಮಿಗೆ ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ, ಬೀಡಿ ಅಲ್ಲ. ದೇವರು ನಿಮ್ಮನ್ನು ಗಟ್ಟಿಯಾಗಿಟ್ಟಿರಲಿ. ಲಾಲಬಿ ನಿಮಗೆ ಸಲಾಮ್ ಹೇಳಿದ್ದಾರೆ.

ನಿಮ್ಮ,
ಇಂದು

ತಾ.ಕ.: ಕಾಗದ ಮಡಿಚಿ ಅಂಟಿಸುವವಳಿದ್ದೆ, ಮತ್ತೆ ಬಿಚ್ಚಿದ್ದೇನೆ. ಬರೆಯಬೇಕಾದ್ದನ್ನು ಬಿಟ್ಟು ಉಳಿದದ್ದೆಲ್ಲ ಬರೆದಂತಾಯಿತು.

ಅವತ್ತು ಪ್ರವಾಸದಿಂದ ಬಂದು ಶಂಕ್ರಿಯ ಕಾಲು ತೊಳೆಯುವಾಗ ನೋಡಿದರೆ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದು ರಕ್ತ ಬಂದಿತ್ತು. ಹೊಸ ಚಪ್ಪಲಿ ಕಚ್ಚಿದ್ದು. ಕುಂಟುತ್ತ ಇಡೀ ದಿನ ನಡೆದಿದ್ದಾಳೆ, ನನಗೆ ಹೇಳಿಲ್ಲ. "ಯಾಕವ್ವಿ ಹೇಳಲಿಲ್ಲ?" ಎಂದೆ. "ಸಾಲೀ ಪ್ರವಾಸ ಇತ್ತಲ್ರಿ ಅಕ್ಕೋರ" ಎಂದಳು. ನಾವು ಆಗ ನಮ್ಮ ಮನೆಯ ಬಚ್ಚಲಲ್ಲಿ ಇದ್ದೆವು. ಬೇವಿನ ಗಿಡ ಎಲ್ಲೋ ಇತ್ತು. ಗ್ಯಾದರಿಂಗ್ ಆದಾಗಿನಿಂದ ಮನೆಯಲ್ಲೂ ಹೀಗೇ ಕರೆಯುತ್ತಿದ್ದಾಳೆ ಎಂದು ಲಾಲಬಿ ಮೊದಲೇ ಹೇಳಿದ್ದರು, ನಾನು ನಕ್ಕು ಬಿಟ್ಟಿದ್ದೆ.

ಕಾಲಿಗೆ ಅರಿಶಿನ ಹಚ್ಚುತ್ತ, ಬೇಡ ಎನ್ನುತ್ತಾಳೆಂಬ ಧೈರ್ಯದ ಮೇಲೆ, ಸಿಂದಗಿಗೆ ಅತ್ತೆಯ ಮನೆಗೆ ಹೋಗುತ್ತೀಯಾ ಎಂದು ಕೇಳಿದೆ. "ಅಲ್ಲಿ ಸಾಲ್ಯಾಗ ಬ್ಯಾರೆ ಅಕ್ಕೋರ ಇರ್ತಾರೇನ್ರಿ?" ಎಂದಳು. ಇರುತ್ತಾರೆ ಎಂದೆ. "ಹಂಗಾರ ಹೋಗ್ತೇನ್ರಿ. ಸೂಟಿಗೆ ಬಂದಾಗ ನೀವು ನನಗ ಬರೇ ಅವ್ವ ಆಗ್ತೀರಲ್ರಿ" ಎಂದಳು.

ಮೇಲೆ "ಕಳಿಸುವುದಿಲ್ಲ" ಎಂದು ಬರೆದದ್ದನ್ನು ಹೊಡೆದುಹಾಕಲು ಕೈ ಬರುತ್ತಿಲ್ಲ, ಹಾಗೇ ಬಿಡಲು ಮುಖವಿಲ್ಲ. ಶಿವರಾತ್ರಿಯ ತನಕ ಕಾಯಬೇಡಿ, ಬರುವ ಶನಿವಾರವೇ ಬನ್ನಿ. ಅದಕ್ಕೂ ಮೊದಲು ಒಂದು ಕಾರ್ಡು ಹಾಕಿ. ನಿಮ್ಮ ಕಾಗದ ಬಂದರೆ ಮೊದಲು ಓದುವವಳು ಅವಳು. ಚೇಷ್ಟೆಗೂ ಅಕ್ಕೋರಿಗೆ ಎಂದು ಬರೆಯಬೇಡಿ. ಶಂಕ್ರಿಯ ಅವ್ವನಿಗೆ ಎಂದು ಬರೆಯಿರಿ, ದೊಡ್ಡ ಅಕ್ಷರದಲ್ಲಿ.